ಬೇಡದ್ದು ಹೇಳಿ ಹೊರಟವರು

ನಮ್ಮೂರಿನಿಂದ ಗುಡ್ಡ ದಾಟಿ ಹೊರಟವರಿಗೆ ಯಾರೂ ಒಳ್ಳೆಯ ಮಾತು ಹೇಳುವುದಿಲ್ಲ. ಎರಡನೇ ದಿನಕ್ಕೇ ನಿನ್ನ ಚಪ್ಪಲಿ ಕಿತ್ತುಹೋಗುತ್ತದೆ, ಹೊಟ್ಟೆ ಕೆಡುತ್ತದೆ, ದಾರಿ ತಪ್ಪಿ ಅಲೆಯುತ್ತೀಯ ಎಂದು ತಲೆ ಸವರಿ ಕಳಿಸುತ್ತೇವೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಇದನ್ನು ಮೊದಲ ಸಲ ಕೇಳಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತದ್ದುಂಟು. ವರ್ಷ ಕಳೆಯುವುದರೊಳಗೆ ಅವರೇ ನಮಗಿಂತ ಚೆನ್ನಾಗಿ ಹೇಳಲು ಕಲಿಯುತ್ತಾರೆ. ಗುಡ್ಡದ ಬಾಗಿಲು ದಾಟಿದರೆ ಆಚೆ ಸೀಮೆ. ಹೊರಡುವ ಮುಂಚೆ ಇಲ್ಲಿ ಏನನ್ನು ಬಾಯಿಬಿಟ್ಟು ಹೇಳಿರುತ್ತೇವೋ ಅದು ಅಲ್ಲಿ ಇರುವುದಿಲ್ಲ, ಅಲ್ಲಿ ಆಗುವುದಿಲ್ಲ. ಚಿರತೆ ಎಂದರೆ ಚಿರತೆ ಇಲ್ಲ. ಜಲಪಾತ ಎಂದರೆ ಜಲಪಾತವೂ ಇಲ್ಲ. ಯಾಕೆ ಹೀಗೆ ಎಂದು ಚಿಕ್ಕಂದಿನಲ್ಲಿ ನಮ್ಮಜ್ಜಿಯನ್ನು ಕೇಳಿದ್ದಕ್ಕೆ, ಬಾವಿಯಲ್ಲಿ ನೀರು ಯಾಕಿದೆ ಅಂತಲೂ ಕೇಳಿಕೊಂಡು ಬಾ ಹೋಗು ಎಂದಿದ್ದಳು. ನಾನು ಮತ್ತೆ ಕೇಳಲಿಲ್ಲ.

ಹಾಗಾಗಿ ಹೊರಡುವ ಹಿಂದಿನ ಮಧ್ಯಾಹ್ನ, ಊಟವಾದ ಮೇಲೆ, ಬೇಡದ್ದು ಹೇಳುವ ಶಾಸ್ತ್ರ ಮಾಡುತ್ತೇವೆ. ಹೊರಡುವವರನ್ನು ಜಗಲಿಯ ಮೇಲೆ ಕೂರಿಸಿ, ಅಕ್ಕಪಕ್ಕದವರು ಸೇರಿ, ಎಲೆಅಡಿಕೆ ಹಾಕಿಕೊಂಡು, ದಾರಿಯಲ್ಲಿ ಏನೇನು ಬೇಡವೋ ಅದೆಲ್ಲ ಆಗುತ್ತದೆ ಎಂದು ಒಬ್ಬೊಬ್ಬರಾಗಿ ಹೇಳುತ್ತಾರೆ. ಕೊನೆಯಲ್ಲಿ ಹೊರಡುವವರೇ ಎಲ್ಲಕ್ಕಿಂತ ಬೇಡವಾದ ಒಂದನ್ನು ತಮ್ಮ ಬಾಯಾರೆ ಹೇಳಬೇಕು. ಅದಕ್ಕೆ ಕಡೇ ಮಾತು ಎನ್ನುತ್ತೇವೆ. ಅದಾದ ಮೇಲೆ ಶಾಸ್ತ್ರ ಮುಗಿಯಿತು. ಆಮೇಲೆ ಎಷ್ಟು ಕಿರುಚಿದರೂ ಲೆಕ್ಕಕ್ಕಿಲ್ಲ. ಬೇಕಾದದ್ದನ್ನು ಮಾತ್ರ ಯಾರೂ ತುಟಿಯ ಮೇಲೆ ತರುವುದಿಲ್ಲ. ಹೋಗಿ ಬಂದವರು ಹೋಟೆಲಿನಲ್ಲಿ ಕೂತು ತಾವು ಕಂಡದ್ದನ್ನು ಹೇಳಲು ಬಾಯಿ ತೆರೆದರೆ, ನಾಳೆ ನಾಡಿದ್ದು ಹೊರಡಬೇಕೆಂದಿರುವವರು ಕಾಫಿಯನ್ನು ಅಲ್ಲೇ ಬಿಟ್ಟು ಕಿವಿ ಮುಚ್ಚಿಕೊಂಡು ಎದ್ದುಹೋಗುತ್ತಾರೆ.

ನಾನು ತಿಪ್ಪಕ್ಕ. ಬಸ್ ನಿಲ್ದಾಣದ ಎದುರು ಕ್ಯಾನ್ವಾಸ್ ಚೀಲ ಹೊಲಿಯುವ ಅಂಗಡಿ ನನ್ನದು. ಆಚೆ ಸೀಮೆಗೆ ಹೋಗುವವರೆಲ್ಲ ನನ್ನ ಬೆಂಚಿನ ಮೇಲೆ ಕೂತೇ ಹೋಗಬೇಕು. ಇಪ್ಪತ್ತೇಳು ವರ್ಷದಿಂದ ಅವರಿಗೆ ಚೀಲವನ್ನೂ ಕೊಡುತ್ತೇನೆ, ಕೇಳಲಿ ಬಿಡಲಿ ಬುದ್ಧಿಯನ್ನೂ ಹೇಳುತ್ತೇನೆ. ತೆಗೆದಿಟ್ಟದ್ದರಲ್ಲಿ ಅರ್ಧ ವಾಪಸ್ ಬೀರುವಿಗೆ ಇಡಿ. ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಬೆಲ್ಲ ಕೈಗೆ ಸಿಗುವ ಹಾಗೆ ಮೇಲಿಡಿ. ದೂರದ ಪಟ್ಟಣಗಳಿಂದ ಸಾಹಸ ಮಾಡಲು ಬರುವವರಿಗೆ ಇದೆಲ್ಲ ನಾಟುವುದಿಲ್ಲ. ಅವರ ಕೈಯಲ್ಲಿ ಅಚ್ಚು ಹಾಕಿಸಿದ ಕಾಗದ ಇರುತ್ತದೆ. ಮೊದಲನೇ ದಿನ ಏಳು ಮೆಟ್ಟಿಲಿನ ಜಲಪಾತ, ಎರಡನೇ ದಿನ ಸೂರ್ಯೋದಯದ ತುದಿ, ಮೂರನೇ ದಿನ ಹೂವಿನ ಕಣಿವೆ ಎಂದು ನನ್ನ ಬೆಂಚಿನ ಮೇಲೆ ಕೂತೇ ಗಟ್ಟಿಯಾಗಿ ಓದುತ್ತಾರೆ. ಮನಸ್ಸಿನಲ್ಲಿ ಓದಿಕೊಳ್ಳಿ ಸ್ವಾಮಿ ಎಂದರೆ ನಗುತ್ತಾರೆ. ನಾಲ್ಕು ದಿನದ ಮೇಲೆ ಮುಖ ಊದಿಸಿಕೊಂಡು ಬರುತ್ತಾರೆ: ಬರೀ ಕಲ್ಲು, ಬರೀ ಬಿಸಿಲು, ಏನೂ ಇಲ್ಲ ನಿಮ್ಮ ಆಚೆ ಸೀಮೆಯಲ್ಲಿ. ಇದ್ದದ್ದನ್ನೆಲ್ಲ ಅವರೇ ಓದಿ ಓದಿ ಗುಡಿಸಿಹಾಕಿರುತ್ತಾರೆ. ಒಬ್ಬನೇ ಒಬ್ಬ, ನೆಗಡಿಯಲ್ಲಿ ಗಂಟಲು ಕಟ್ಟಿ ಮಾತೇ ಹೊರಡದೆ ಬಂದಿದ್ದವನು, ಹೋಗಿ ಬಂದು ನನ್ನ ಅಂಗಡಿಯ ಮುಂದೆ ಅರ್ಧ ಗಂಟೆ ಸುಮ್ಮನೆ ನಗುತ್ತ ಕೂತಿದ್ದ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಗುಡ್ಡದ ಬಾಗಿಲು ದಾಟಿದವಳಲ್ಲ. ಸಮಯವಿಲ್ಲ ಎನ್ನುತ್ತಿದ್ದೆ, ಮಂಡಿ ನೋವು ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಹೆದರಿಕೆ. ಇಲ್ಲಿ ಎಲ್ಲ ನನ್ನ ಕೈಯಳತೆಯಲ್ಲಿದೆ. ಅಲ್ಲಿ ಏನಿದೆ ಎಂದು ಹೇಳಲೂಬಾರದು, ಕೇಳಲೂಬಾರದು.

ನನಗೊಬ್ಬ ತಮ್ಮ, ಕಾಟಣ್ಣ. ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವನು. ಅವ್ವ ಹೋದಾಗ ಅವನಿಗೆ ಎರಡು ವರ್ಷ; ಉಣ್ಣಿಸಿ ಬೆಳೆಸಿದವಳು ನಾನೇ. ಆರು ವರ್ಷದ ಹಿಂದೆ ಒಂದು ದಿನ, ಒಂದು ತಿಂಗಳ ಮಟ್ಟಿಗೆ ಆಚೆ ಸೀಮೆ ನೋಡಿಕೊಂಡು ಬರುತ್ತೇನೆ ಎಂದ. ಅಂಗಡಿಯಲ್ಲಿ ಕೆಲಸ ಬಿದ್ದಿದೆ, ನಿನಗೆ ಅಲೆಯುವ ಚಪಲ ಎಂದು ನಾನು ಹಾರಾಡಿದೆ. ಅವನೂ ಬಿಡಲಿಲ್ಲ. ಸಿಟ್ಟಿನಲ್ಲಿ ನಾನು ಅವನ ಬೇಡದ್ದು ಹೇಳುವ ಶಾಸ್ತ್ರಕ್ಕೆ ಹೋಗಲಿಲ್ಲ. ಪಕ್ಕದ ಮನೆಯ ಸರ್ವಮಂಗಳಕ್ಕನ ಜಗಲಿಯಲ್ಲಿ ಮೂರೇ ಜನ ಕೂತು ಅವನಿಗೆ ಹೇಳಿದರಂತೆ. ನಾನು ಒಳಗೆ ಕೂತು ಹೊಲಿಗೆ ಮೆಷಿನ್ ತುಳಿಯುತ್ತಿದ್ದೆ, ಅವನಿಗೆ ಕೇಳಲಿ ಅಂತಲೇ ಜೋರಾಗಿ. ನಮ್ಮೂರಿನಲ್ಲಿ ವೈರಿಗಳು ಕೂಡ ಹಾಗೆ ಮಾಡುವುದಿಲ್ಲ. ಒಂದು ತಿಂಗಳೆಂದವನು ಬರಲೇ ಇಲ್ಲ. ದೂರದ ಒಂದು ಹಟ್ಟಿಯಲ್ಲಿ ಜೇನು ಕೀಳುತ್ತ ಇದ್ದಾನೆಂದು ಯಾರೋ ಹೇಳಿದರು. ಕಾಗದ ಅವನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ.

ಹೋದ ಮಾಘ ಮಾಸದಲ್ಲಿ ದಾದಾಪೀರಣ್ಣ ಅಂಗಡಿಗೆ ಬಂದ. ಅವನು ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಆಚೆ ಸೀಮೆಗೆ ಹೋಗಿ ಬರುವವನು, ಅರವತ್ತು ದಾಟಿದವನು, ಬಳಸುವ ಮಾತು ಕಮ್ಮಿ. ಬೆಂಚಿನ ಮೇಲೆ ಕೂತವನು ನೀರು ಬೇಡ ಎಂದ, ಕಾಫಿ ಬೇಡ ಎಂದ. ನಾನು ಮೆಷಿನ್ ನಿಲ್ಲಿಸಿದೆ. ಈ ಸಲ ಅವನು ಹಟ್ಟಿಯ ತನಕ ಹೋಗಿರಲಿಲ್ಲ; ದಾರಿಯ ಚಿಲುಮೆಯ ಹತ್ತಿರ ಸಿಕ್ಕ ಹೆಂಗಸೊಬ್ಬಳು ಹೇಳಿದಳಂತೆ, ಕಾಟಣ್ಣ ಮಲಗಿಬಿಟ್ಟಿದ್ದಾನೆ, ಏಳುವುದಿಲ್ಲ. ಎಷ್ಟು ದಿನದಿಂದ, ಏನಾಗಿದೆ, ಈಗ ಹೇಗಿದ್ದಾನೆ ಎಂಬುದು ಅವಳಿಗೂ ಗೊತ್ತಿಲ್ಲ. ಅವಳಿಗೆ ಹೇಳಿದವರು ಇನ್ಯಾರೋ. ತಾನು ಮೂರನೇ ದಿನ ಮತ್ತೆ ಹೊರಡುತ್ತೇನೆ, ಬರುವುದಾದರೆ ಬಾ ಎಂದ. ನಾನು ಬರುತ್ತೇನೆ ಎಂದು ಹೇಳಿದ್ದು ಯಾವಾಗ ಎಂದು ನನಗೇ ನೆನಪಿಲ್ಲ.

ಚೀಲ ತುಂಬಲು ಕೂತಾಗ ಇಪ್ಪತ್ತೇಳು ವರ್ಷದ ಬುದ್ಧಿಯೆಲ್ಲ ಎಲ್ಲಿ ಹೋಯಿತೋ. ಎರಡು ಕಂಬಳಿ, ಹಿತ್ತಾಳೆಯ ಚೊಂಬು, ದಿಂಬು, ಕೊಡೆ, ನಾಲ್ಕು ಸೀರೆ, ಕಾಟನಿಗೆ ಎರಡು ಪಂಚೆ, ಒಂದು ಡಬ್ಬಿ ಚಕ್ಕುಲಿ, ಬೆಲ್ಲ, ರಾಗಿ ಹುರಿಹಿಟ್ಟು, ಕಷಾಯದ ಪುಡಿ, ಇಸ್ತ್ರಿ ಪೆಟ್ಟಿಗೆಯೊಂದು ಬಾಕಿ. ದಾದಾಪೀರಣ್ಣ ಬಂದು ಚೀಲವನ್ನು ಒಂದು ಸಲ ಎತ್ತಿ ನೋಡಿ, ನನ್ನನ್ನು ನೋಡಿ, ಒಂದೊಂದಾಗಿ ಹೊರಗೆ ತೆಗೆದಿಟ್ಟ. ಉಳಿದದ್ದು ಒಂದು ಕಂಬಳಿ, ಒಂದು ಸೀರೆ, ಬೆಲ್ಲ, ರಾಗಿ ಹುರಿಹಿಟ್ಟು, ಒಂದು ಪಂಚೆ, ಕಷಾಯದ ಪುಡಿ. ಎಷ್ಟು ದಿನದ ದಾರಿ ಎಂದು ಕೇಳಿದೆ. ಅವನು ಬಾಯಲ್ಲಿ ಹೇಳುವವನಲ್ಲ. ಮೂರು ಬೆರಳು ತೋರಿಸಿದ, ಆಮೇಲೆ ನನ್ನ ಮಂಡಿ ನೋಡಿ ಇನ್ನೆರಡು ಬೆರಳು ಬಿಚ್ಚಿದ, ಆಮೇಲೆ ಅಂಗೈಯನ್ನು ಹೀಗೂ ಹಾಗೂ ಅಲ್ಲಾಡಿಸಿದ. ಹೊರಡುವ ಮುಂಚಿನ ಎರಡು ದಿನ ನಾನು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಇಳಿದೆ. ಎರಡು ದಿನದಲ್ಲಿ ಮಂಡಿ ಗಟ್ಟಿಯಾಗುವುದಿಲ್ಲ ಎಂದು ಗೊತ್ತಿತ್ತು. ಕೈಕಟ್ಟಿ ಕೂರಲು ಆಗಲಿಲ್ಲ, ಅದಕ್ಕೆ ಹತ್ತಿದೆ.

ಹೊರಡುವ ಹಿಂದಿನ ಮಧ್ಯಾಹ್ನ ನಮ್ಮ ಜಗಲಿ ತುಂಬಿ ಬೀದಿಯಲ್ಲೂ ಜನ ನಿಂತಿದ್ದರು. ಊರಿಗೆಲ್ಲ ಚೀಲ ಹೊಲಿದವಳು ಮೊದಲ ಸಲ ಹೊರಟಿದ್ದಾಳೆ, ಸುಮ್ಮನೆ ಬಿಡುತ್ತಾರೆಯೇ? ಚಿರತೆ ಬರುತ್ತದೆ ಎಂದರು, ಕರಡಿ ಬರುತ್ತದೆ ಎಂದರು. ಹಾವಿನಲ್ಲಿ ಐದು ಜಾತಿ ಹೇಳಿದರು. ಜಿಗಣೆ, ಮುಳ್ಳು, ಕಾಲು ಉಳುಕುವುದು, ವಾಂತಿ ಭೇದಿ, ಕಳ್ಳರು. ಅಷ್ಟಕ್ಕೇ ನಿಲ್ಲದೆ ಉತ್ಸಾಹದಲ್ಲಿ, ಹೆಜ್ಜೆ ಹೆಜ್ಜೆಗೂ ಮಳೆ ಹಿಡಿಯುತ್ತದೆ ಎಂದು ಒಬ್ಬರು ಶುರು ಮಾಡಿದ್ದೇ, ಉಳಿದವರೆಲ್ಲ ಮಳೆ ಮಳೆ ಎಂದು ಸೇರಿಕೊಂಡರು. ಚಳಿಗೆ ನಡುಗುತ್ತೀಯ ಎಂದರು. ದಾದಾಪೀರಣ್ಣ ಅಲ್ಲಿ ಇರಲಿಲ್ಲ. ಕತ್ತೆಗಳ ಗೊರಸು ನೋಡಿಸಲು ಹೋಗಿದ್ದ. ಇದ್ದಿದ್ದರೆ ತಡೆಯುತ್ತಿದ್ದ.

ಕಡೇ ಮಾತಿನ ಸರದಿ ಬಂತು. ನಾನು ಹೇಳಬೇಕಾದದ್ದು ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನ ತಮ್ಮ ಸತ್ತಿರುತ್ತಾನೆ. ಇಷ್ಟೇ. ಹೇಳಿಬಿಟ್ಟರೆ ಅದು ಅಲ್ಲಿ ಆಗಿರುವುದಿಲ್ಲ. ನನ್ನ ತಮ್ಮ ಎಂದೆ. ಮುಂದಿನದು ಬರಲಿಲ್ಲ. ಇನ್ನೊಂದು ಸಲ ನನ್ನ ತಮ್ಮ ಎಂದೆ. ಸರ್ವಮಂಗಳಕ್ಕ ಪಕ್ಕಕ್ಕೆ ಬಂದು ಕೂತು ನನ್ನ ಕೈ ಹಿಡಿದುಕೊಂಡಳು.

“ಹೇಳೇ ತಿಪ್ಪಿ. ಒಂದೇ ಮಾತು. ಹೇಳ್ಬಿಟ್ರೆ ಅವ್ನು ಉಳ್ಕಂತಾನೆ.”

ಗೊತ್ತಿತ್ತು. ಊರಿನಲ್ಲಿ ಎಷ್ಟು ತಾಯಂದಿರು ಮಕ್ಕಳ ವಿಷಯದಲ್ಲಿ ಆ ಮಾತನ್ನು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆದರೆ ಎರಡು ವರ್ಷದ ಕೂಸಿಗೆ ಉಣ್ಣು ಉಣ್ಣು ಎಂದು ಹೇಳಿ ಹೇಳಿ ಪಳಗಿದ ನಾಲಿಗೆ ಅದು. ಸತ್ತಿರುತ್ತಾನೆ ಎಂಬುದಕ್ಕೆ ತಿರುಗಲಿಲ್ಲ. ಹೇಳಿದ ಮೇಲೂ ನಿಜವಾಗಿಬಿಟ್ಟರೆ? ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಆಗ ಒಳಗೆ ಹಗಲೂ ರಾತ್ರಿ ಕಟ್ಟಿಕೊಂಡಿದ್ದ ಚಿತ್ರ ತಾನಾಗಿ ಜಾರಿ ಹೊರಗೆ ಬಂತು.

“ಅವ್ನು ಬಾಗ್ಲಲ್ಲಿ ಕೂತಿರ್ತಾನೆ. ನನ್ನ ನೋಡಿ ಎದ್ದು ಬರ್ತಾನೆ.”

ಎಲೆಅಡಿಕೆ ಜಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಸರ್ವಮಂಗಳಕ್ಕ ನನ್ನ ಕೈ ಬಿಟ್ಟು ತನ್ನ ಬಾಯಿ ಮುಚ್ಚಿಕೊಂಡಳು. ನಮ್ಮೂರಿನಲ್ಲಿ ಆರು ವರ್ಷದ ಮಗು ಕೂಡ ಮಾಡದ ತಪ್ಪು ಅದು. ಆಮೇಲೆ ನಾನು ಸತ್ತಿರ್ತಾನೆ ಸತ್ತಿರ್ತಾನೆ ಎಂದು ಅಳುತ್ತ ಎಷ್ಟು ಸಲ ಹೇಳಿದೆನೋ, ಈಗ ಬಂತು ನೋಡಿ ಬಾಯಿಗೆ! ಕಡೇ ಮಾತು ಆಗಿಹೋಗಿತ್ತು. ಜನ ಒಬ್ಬೊಬ್ಬರಾಗಿ ಮೆತ್ತಗೆ ಎದ್ದು ಮನೆಗೆ ಹೋದರು.

ಗುಡ್ಡದ ಬಾಗಿಲು ದಾಟಿದಾಗ ಬೆಳಗಿನ ಎಂಟು ಗಂಟೆ. ಆಚೆ ಸೀಮೆ ಎಂದರೆ ಏನೋ ಎಂದುಕೊಂಡಿದ್ದೆ. ಬಾಯಲ್ಲಿ ಹೇಳದಿದ್ದರೂ ಮನಸ್ಸಿನಲ್ಲಿ ನಾನೂ ಒಂದು ಹೂವಿನ ಕಣಿವೆ ಕಟ್ಟಿಕೊಂಡಿದ್ದೆ. ನೋಡಿದರೆ ನಮ್ಮ ಬಸ್ ನಿಲ್ದಾಣದ ಹಿಂದಿನ ಬೋರೆಯ ಹಾಗೇ ಇತ್ತು, ಅದೇ ಕಲ್ಲು, ಅದೇ ಬಂದರೆ ಗಿಡದ ಪೊದೆ. ಹೇಳಿದ್ದು ಯಾವುದೂ ಇರಲಿಲ್ಲ, ಅದಂತೂ ನಿಜ. ಒಂದು ಮುಳ್ಳು ತಗುಲಲಿಲ್ಲ. ಆದರೆ ಬಿಸಿಲು! ಚಳಿಯನ್ನು ಊರವರೆಲ್ಲ ಸೇರಿ ಓಡಿಸಿದ್ದರಲ್ಲ. ಆಕಾಶದಲ್ಲಿ ಬೆರಳಗಲದ ಮೋಡ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸಿಗಬೇಕಾಗಿದ್ದ ಹಳ್ಳ ಒಣಗಿ ಬಿದ್ದಿತ್ತು. ದಾದಾಪೀರಣ್ಣ ಆ ಮರಳನ್ನು ನೋಡಿದ, ಆಕಾಶ ನೋಡಿದ, ನನ್ನ ಕಡೆ ತಿರುಗಿ ಮಳೆ ಎಂದವರು ಯಾರು ಎಂದು ಕೇಳಿದ. ಎಲ್ಲರೂ ಎಂದೆ. ಅವನು ಹಣೆ ಹಣೆ ಬಡಿದುಕೊಂಡ.

“ಗುಡುಗು ಅನ್ಬೇಕು, ಸಿಡ್ಲು ಅನ್ಬೇಕು. ಮಳೆ ಅಂತಾರೇನಮ್ಮ ಯಾರಾದ್ರೂ? ಕುಡಿಯಾಕೆ ಏನು ಮಾಡಾಣ?”

ಕಡೆಗೆ ಒಂದು ಕತ್ತೆ ಹಳ್ಳದ ತಿರುವಿನಲ್ಲಿ ಮುಂಗಾಲಿನಿಂದ ಕೆರೆದ ಜಾಗದಲ್ಲಿ ಮೊಣಕೈ ಆಳ ಮರಳು ತೋಡಿದೆವು. ಕೆಸರು ಕೆಸರಾಗಿ ನೀರು ಬಂತು. ಸೀರೆಯ ಅಂಚಿನಲ್ಲಿ ಸೋಸಿ ಕುಡಿದೆವು. ಅಷ್ಟು ರುಚಿಯ ನೀರನ್ನು ನಾನು ಕುಡಿದಿಲ್ಲ. ಆಚೆಗೆ ಹೋಗುವವರಿಗೆ ಬೇಡವಾದದ್ದನ್ನೆಲ್ಲ ತೆಗೆದುಹಾಕಿ ಕಳಿಸುತ್ತೇವೆ ಎಂದು ನಾವು ಬೀಗುತ್ತಿದ್ದೆವಲ್ಲ, ಅದರ ಜೊತೆ ಬೇಕಾದದ್ದೂ ಎಷ್ಟು ಹೋಗುತ್ತಿತ್ತೋ ಎಂದು ಅಲ್ಲಿ ಕೂತು ನಾಚಿಕೆಪಟ್ಟೆ.

ಎರಡನೇ ದಿನ ಸಂಜೆಗೆ ನನ್ನ ಚೀಲದ ಪಟ್ಟಿ ಕಿತ್ತುಹೋಯಿತು. ನಾನೇ ಹೊಲಿದದ್ದು. ನನಗೆ ಬೇಜಾರಾಗಬಾರದೆಂದು ಊರಿನಲ್ಲಿ ಯಾರೂ ಅದನ್ನು ಹೇಳಿರಲಿಲ್ಲ. ದಾದಾಪೀರಣ್ಣ ನಗಲಿಲ್ಲ, ಹಗ್ಗ ಕಟ್ಟಿಕೊಟ್ಟ. ದಿನಕ್ಕೆ ಎಂಟು ಮೈಲಿ ನಡೆದೇನು ಎಂದುಕೊಂಡಿದ್ದವಳು ನಾಲ್ಕಕ್ಕೇ ಕೂತುಬಿಡುತ್ತಿದ್ದೆ. ಮೊದಲ ದಿನ ಅವನೆದುರು ಸುಸ್ತು ತೋರಿಸಬಾರದೆಂದು ಹಲ್ಲು ಕಚ್ಚಿದೆ. ಎರಡನೇ ದಿನದಿಂದ ಮರ್ಯಾದೆ ಬಿಟ್ಟು ಕೂತೆ. ಬಿಟ್ಟ ಮೇಲೆ ನಡಿಗೆ ಸಲೀಸಾಯಿತು.

ಮೂರನೇ ದಿನ ಮಧ್ಯಾಹ್ನ ಒಂದು ಏರು ಹತ್ತುತ್ತಿದ್ದಾಗ ಮುಂದಿನ ಕತ್ತೆ ನಿಂತಿತು. ನೋಡಿದರೆ ದಾರಿಗೆ ಅಡ್ಡವಾಗಿ ಆಮೆಗಳು. ಒಂದಲ್ಲ ಎರಡಲ್ಲ, ಇಡೀ ಇಳಿಜಾರು ತುಂಬ, ನೂರಾರು, ಚಿಪ್ಪಿಗೆ ಚಿಪ್ಪು ಉಜ್ಜಿಕೊಂಡು ಟಕ್ ಟಕ್ ಎಂದು ಸದ್ದು ಮಾಡುತ್ತ, ಯಾವ ಅವಸರವೂ ಇಲ್ಲದೆ ಮೇಲಕ್ಕೆ ಹೋಗುತ್ತಿದ್ದವು. ನೀರೇ ಇಲ್ಲದ ಗುಡ್ಡ ಅದು. ನೂರು ಸಲ ಈ ದಾರಿಯಲ್ಲಿ ಹೋದ ದಾದಾಪೀರಣ್ಣ ಕೂಡ ಕಂಡಿದ್ದಿಲ್ಲವಂತೆ. ಎರಡು ಗಂಟೆ ಕೂತು ಅವುಗಳಿಗೆ ದಾರಿ ಬಿಟ್ಟೆವು. ಒಂದು ದೊಡ್ಡ ಆಮೆ ನನ್ನ ಕಾಲಿನ ಹತ್ತಿರ ಬಂದು, ಸುತ್ತಿಕೊಂಡು ಹೋಗುವ ಬದಲು ನನ್ನ ಪಾದದ ಮೇಲೇ ಹತ್ತಿ ಇಳಿದು ಹೋಯಿತು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಈ ಆಮೆಗಳ ವಿಷಯ ನಾನು ಬರೆಯುತ್ತಿದ್ದೇನೆಯೇ ಹೊರತು ಬಾಯಲ್ಲಿ ಹೇಳುತ್ತಿಲ್ಲ. ಓದುವವರು ದಯವಿಟ್ಟು ಮನಸ್ಸಿನಲ್ಲೇ ಓದಿಕೊಳ್ಳಿ, ನಿಮ್ಮ ಮನೆಯಿಂದ ಯಾರಾದರೂ ನಾಳೆ ಹೊರಡುವವರಿದ್ದಾರು.

ನಕ್ಕು ಮುಗಿದ ಮೇಲೆ ಕಾಟ ನೆನಪಾದ. ಎರಡು ಗಂಟೆ ಅವನನ್ನು ಮರೆತಿದ್ದೆನಲ್ಲ ಎಂದು ನಗುವಿನ ಮೇಲೇ ಅಳು ಬಂತು. ಮೂರು ದಿನದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಅವತ್ತು ಕೇಳಿಬಿಟ್ಟೆ, ಅವನು ಬಾಗಿಲಲ್ಲಿ ಇರುವುದಿಲ್ಲ, ಅಲ್ಲವೇ ಎಂದು. ದಾದಾಪೀರಣ್ಣ ಸಮಾಧಾನಕ್ಕೆ ಸುಳ್ಳು ಹೇಳುವವನಲ್ಲ.

“ಬಾಗ್ಲಲ್ಲಿ ಇರಲ್ಲ, ಎದ್ದು ಬರಲ್ಲ. ಅದು ಹೋತು ಅನ್ಕೋ. ಮಿಕ್ಕಿದ್ದು ನೀನೇನೂ ಹೇಳಿಲ್ಲ ತಿಪ್ಪಮ್ಮ. ಒಳ್ಳೇದೂ ಹೇಳಿಲ್ಲ, ಕೆಟ್ಟದ್ದೂ ಹೇಳಿಲ್ಲ. ಮಿಕ್ಕಿದ್ದೆಲ್ಲ ಹಂಗೇ ಐತೆ. ನೋಡಾಣ ನಡಿ.”

ಅವನು ಅಂದದ್ದರಲ್ಲಿ ಧೈರ್ಯ ಕೊಡುವಂಥದ್ದು ಏನೂ ಇರಲಿಲ್ಲ. ಆದರೂ ಆಮೇಲೆ ನಾನು ಅವನು ಹೀಗಿರುತ್ತಾನೆ ಹಾಗಿರುತ್ತಾನೆ ಎಂದು ಚಿತ್ರ ಕಟ್ಟುವುದನ್ನು ಬಿಟ್ಟೆ. ಕಟ್ಟಲು ಹೋದಾಗಲೆಲ್ಲ ಕಾಲ ಕೆಳಗಿನ ಕಲ್ಲು ನೋಡಿಕೊಂಡು ನಡೆದೆ.

ಐದನೇ ದಿನ ಮಧ್ಯಾಹ್ನ ಹಟ್ಟಿ ಸಿಕ್ಕಿತು. ಒಂಬತ್ತು ಮನೆ. ಕೊನೆಯದು ಕಾಟಣ್ಣನದು ಎಂದು ದಾದಾಪೀರಣ್ಣ ದೂರದಿಂದಲೇ ಕೈ ತೋರಿಸಿ, ಕತ್ತೆಗಳ ಜೊತೆ ಹಿಂದೆ ಉಳಿದ. ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಯಾರೂ ಇರಲಿಲ್ಲ. ಇರುವುದಿಲ್ಲ ಎಂದು ನನಗೆ ಐದು ದಿನದಿಂದ ಗೊತ್ತಿಲ್ಲವೇ? ದಾರಿಯ ಉದ್ದಕ್ಕೂ ಅದೇ ಯೋಚನೆ. ಆದರೂ ಆ ಖಾಲಿ ಹೊಸ್ತಿಲು ನೋಡಿ ಅಂಗಳದಲ್ಲೇ ನಿಂತೆ. ಪಕ್ಕದ ಮನೆಯ ಮುಂದೆ ಮೆಣಸಿನಕಾಯಿ ಹರವುತ್ತಿದ್ದ ಮುದುಕಿ ನನ್ನನ್ನು ನೋಡುತ್ತ ನಿಂತಳು. ನಾನು ಅವಳನ್ನು ಕೇಳಲಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ. ಬಾಗಿಲಿನ ತನಕ ಹೋದೆ, ಚೌಕಟ್ಟು ಹಿಡಿದು ನಿಂತೆ, ಒಳಗೆ ಕಾಲಿಡಲು ಆಗಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಒಳಗಿನಿಂದ ಸಿಡುಕು ದನಿಯೊಂದು ಬಂತು.

“ಯಾರದು? ಬಾಗ್ಲಿಗೆ ಅಡ್ಡ ನಿಂತ್ರೆ ಬೆಳಕು ಬರಾದು ಹೆಂಗೆ?”

ಚಿಕ್ಕಂದಿನಿಂದಲೂ ಹಸಿದಾಗ ಅವನ ದನಿ ಹಾಗೇ. ನನ್ನ ಮೈಯಲ್ಲಿದ್ದ ಗಾಳಿಯೆಲ್ಲ ಒಂದೇ ಸಲ ಹೊರಗೆ ಹೋಯಿತು. ಒಳಗೆ ಹೋದೆ. ಹಗ್ಗದ ಮಂಚದ ಮೇಲೆ ಗಡ್ಡ ಬಿಟ್ಟುಕೊಂಡು, ಅರ್ಧ ಆಳಾಗಿ ಮಲಗಿದ್ದ. ಬಲಗಾಲಿಗೆ ಎರಡು ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತಿದ್ದರು. ನನ್ನನ್ನು ನೋಡಿದ, ನೋಡುತ್ತಲೇ ಇದ್ದ. ಕೈ ಊರಿ ಏಳಲು ನೋಡಿ ನೋವಿಗೆ ಹಾಗೇ ಒರಗಿದ. ನಾನು ಆರು ವರ್ಷದ ಮೇಲೆ ಕಂಡ ತಮ್ಮನನ್ನು ಹೇಗಿದ್ದೀಯ ಎಂದು ಕೂಡ ಕೇಳಲಿಲ್ಲ. ಕಾಲು ಮುರಿದದ್ದು ಯಾವಾಗ ಎಂದು ಕೇಳಿದೆ. ಅವನು ತಬ್ಬಿಬ್ಬಾಗಿ, ದೀಪಾವಳಿ ಕಳೆದ ವಾರಕ್ಕೆ, ಜೇನಿನ ಬಂಡೆಯಿಂದ ಬಿದ್ದದ್ದು ಎಂದ. ನಾನು ಬೆರಳು ಮಡಿಚಿದೆ. ಕಾರ್ತಿಕ, ಮಾರ್ಗಶಿರ, ಪುಷ್ಯ, ಮಾಘ. ನಾನು ಬಾಯಿ ಜಾರಿದ್ದು ಮೊನ್ನೆ ಮೊನ್ನೆ. ಅವನು ಏಳಲಾರದ್ದು ನನ್ನ ಮಾತಿನಿಂದ ಅಲ್ಲ. ನೆಲದ ಮೇಲೆ ಧೊಪ್ಪನೆ ಕೂತೆ. ಅಂಥ ನಿರಾಳ ನನಗೆ ಯಾವತ್ತೂ ಆಗಿರಲಿಲ್ಲ.

ಅಷ್ಟರಲ್ಲಿ ಮೆಣಸಿನಕಾಯಿಯ ಮುದುಕಿ ನೀರಿನ ಚೊಂಬು ಹಿಡಿದು ಒಳಗೆ ಬಂದಳು. ಈರಜ್ಜಿ ಎಂದು ಹೆಸರು. ಈ ಮೂರು ತಿಂಗಳು ಅವನಿಗೆ ಗಂಜಿ ಕಾಸಿ ಕೊಟ್ಟವಳು ಅವಳೇ. ನೀನು ಯಾರಮ್ಮ ಎಂದಳು. ಇವನ ಅಕ್ಕ ಎಂದೆ. ಅವಳ ಕೈಯ ಚೊಂಬು ಅರ್ಧ ಚೆಲ್ಲಿತು.

“ಅಕ್ಕನಾ? ಇವ್ನ ಅಕ್ಕ ಸತ್ತೋಗಿದಾಳಲ್ಲ! ದಿನಾ ಬೆಳಗಾದ್ರೆ ಇವ್ನ ಬಾಯಾಗೆ ಅದೇ. ಅಕ್ಕ ಸತ್ತೋಗಿರ್ತಾಳೆ, ಅಕ್ಕ ಸತ್ತೋಗಿರ್ತಾಳೆ ಅಂತ. ನಾವೆಲ್ಲ ಬಂದು ಮಾತಾಡಿಸ್ಕಂಡೂ ಹೋದ್ವಿ.”

ಕಾಟ ಗೋಡೆಯ ಕಡೆ ಮುಖ ತಿರುಗಿಸಿದ. ಅವನು ದೀಪಾವಳಿ ಮುಗಿಸಿ ಊರಿಗೆ ಬರಲು ಹೊರಟಿದ್ದನಂತೆ. ಅಲ್ಲಿಂದ ನೋಡಿದರೆ ನಮ್ಮೂರೇ ಆಚೆ ಸೀಮೆ. ಅಲ್ಲಿಂದ ಹೊರಡುವವರೂ ಬೇಡದ್ದು ಹೇಳಿಯೇ ಹೊರಡಬೇಕು. ಹೊರಡುವ ಮುಂಚೆ ನನಗೆಂದು ಒಂದು ಕೊಡ ಜೇನು ತರಲು ಬಂಡೆ ಹತ್ತಿ ಬಿದ್ದ. ಕಾಲು ಕೂಡಿದ ದಿನವೇ ಹೊರಡಬೇಕು, ಯಾವತ್ತು ಕೂಡುತ್ತದೋ ಗೊತ್ತಿಲ್ಲ, ಅದಕ್ಕೆ ದಿನಾ ಬೆಳಿಗ್ಗೆ ಎದ್ದು ಕಡೇ ಮಾತು ಹೇಳಿಡುತ್ತಿದ್ದ. ಏಳಲಾರದವನು ಹೊರಡುವ ಶಾಸ್ತ್ರ ಮಾಡುತ್ತಿದ್ದಾನೆಂದು ಹಟ್ಟಿಯವರಿಗೆ ಹೊಳೆದಿರಲಿಲ್ಲ. ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು. ಆರು ವರ್ಷ ಒಂದು ಕಾಗದ ಬರೆಯದವನು ಮೂರು ತಿಂಗಳಿಂದ ದಿನಾ ನನ್ನನ್ನು ಸಾಯಿಸುತ್ತಿದ್ದಾನೆ! ಅವನ ಕಿವಿ ಹಿಡಿದು ನನ್ನ ಕಡೆ ತಿರುಗಿಸಿದೆ. ಆ ಮಾತು ಹೇಳಲು ಬಾಯಿ ಹೇಗೆ ಬಂತು ನಿನಗೆ ಎಂದು ಕೇಳಿದೆ. ಅವನು ಬಿಡಿಸಿಕೊಳ್ಳಲಿಲ್ಲ.

“ಬರ್ಲಿಲ್ಲ. ಮೊದ್ಲನೇ ದಿನ ಅರ್ಧ ಹೇಳಿ ವಾಂತಿ ಮಾಡ್ಕಂಡೆ. ಹೇಳ್ದೇ ಹೋದ್ರೆ, ಊರಿಗೆ ಬಂದು ನೀನು ಇಲ್ದೇ ಇದ್ರೆ? ಅದಕ್ಕೇ ಹೇಳ್ದೆ ಅಕ್ಕ.”

ಕಿವಿ ಬಿಟ್ಟೆ. ಜಗಲಿಯ ಮೇಲೆ ನಾನು ಏನು ಮಾಡಿದೆ ಎಂದು ಅವನಿಗೆ ಹೇಳಿದೆ. ನಿನಗೋಸ್ಕರ ಒಂದು ಮಾತು ಹೇಳಲು ನನ್ನ ಕೈಲಿ ಆಗಲಿಲ್ಲ ಕಾಟ ಎಂದೆ. ಆರು ವರ್ಷದ ಹಿಂದಿನ ಮೆಷಿನ್ ಸದ್ದಿನ ವಿಷಯವನ್ನೂ ಎತ್ತಿದೆ, ತಪ್ಪಾಯಿತು ಎಂದೆ. ಅವತ್ತು ಸರ್ವಮಂಗಳಕ್ಕನ ಜಗಲಿಯಲ್ಲಿ ಕೂತವನು ಆ ಸದ್ದು ಯಾವಾಗ ನಿಲ್ಲುತ್ತದೋ, ಯಾವಾಗ ನಾನು ಹೊರಗೆ ಬರುತ್ತೇನೋ ಎಂದು ಕತ್ತಲಾಗುವ ತನಕ ಕಾದಿದ್ದನಂತೆ. ಈರಜ್ಜಿ ನಮ್ಮಿಬ್ಬರನ್ನೂ ಅಳಲು ಬಿಟ್ಟು, ಹೊರಗೆ ಹೋಗಿ ಇಡೀ ಹಟ್ಟಿಗೆ ಸತ್ತವಳು ಬಂದಿದ್ದಾಳೆ ಎಂದು ಸಾರಿ ಬಂದಳು. ಒಂಬತ್ತು ಮನೆಯವರೂ ಬಂದು ನನ್ನನ್ನು ಮುಟ್ಟಿ ನೋಡಿ ಹೋದರು.

ಹದಿನೇಳು ದಿನ ಅಲ್ಲಿದ್ದೆ. ಕಾಲು ಕತ್ತೆಯ ಮೇಲೆ ಕೂರುವಷ್ಟು ಮಟ್ಟಿಗಾಯಿತು. ಊರು ಸೇರಿ ಈಗ ಎಂಟು ತಿಂಗಳು. ಅವನು ಸ್ವಲ್ಪ ಕುಂಟುತ್ತಾನೆ, ನನ್ನೆದುರು ಕೂತು ಚೀಲದ ಪಟ್ಟಿಗಳಿಗೆ ಜೋಡಿ ಹೊಲಿಗೆ ಹಾಕುತ್ತಾನೆ, ಬಂದವರಿಗೆ ನನಗಿಂತ ಹೆಚ್ಚು ಬುದ್ಧಿ ಹೇಳುತ್ತಾನೆ. ಆದರೆ ನಾನು ಇಷ್ಟೆಲ್ಲ ಬರೆಯಲು ಕೂತದ್ದು ಆ ಹಟ್ಟಿಯಿಂದ ಹೊರಡುವ ಹಿಂದಿನ ಮಧ್ಯಾಹ್ನದ ಸಲುವಾಗಿ.

ಈರಜ್ಜಿಯ ಮನೆಯ ಮುಂದೆ ಎಲ್ಲರೂ ಸೇರಿದ್ದರು, ಕಾಟಣ್ಣನನ್ನು ಮಂಚದ ಸಮೇತ ಹೊತ್ತು ತಂದಿದ್ದರು. ಈ ಸಲ ದಾದಾಪೀರಣ್ಣ ಎದುರಿಗೇ ಕೂತಿದ್ದ, ಮಳೆ ಎಂದವರನ್ನು ಇಲ್ಲೇ ಹೂಳುತ್ತೇನೆ ಎಂದು ಮೊದಲೇ ಹೇಳಿಬಿಟ್ಟ. ಜನ ಸ್ವಲ್ಪವೇ ಹೇಳಿದರು. ಕತ್ತೆ ಬೆದರುತ್ತದೆ ಎಂದರು, ಕಟ್ಟಿದ ಬಟ್ಟೆ ಸಡಿಲವಾಗುತ್ತದೆ ಎಂದರು. ಉಳಿದದ್ದನ್ನು ದಾರಿಗೇ ಬಿಟ್ಟರು. ಕಾಟಣ್ಣ ತನ್ನ ಕಡೇ ಮಾತನ್ನು ಅಭ್ಯಾಸವಿದ್ದವನ ಹಾಗೆ ಸಲೀಸಾಗಿ ಹೇಳಿದ, ಅಕ್ಕ ದಾರಿಯಲ್ಲಿ ಸತ್ತುಹೋಗುತ್ತಾಳೆ ಎಂದು. ಆಮೇಲೆ ನನ್ನ ಸರದಿ. ಯಾರೂ ನನ್ನನ್ನು ಅವಸರಪಡಿಸಲಿಲ್ಲ. ನಾನು ಎದ್ದು ಹೋಗಿ ಅವನ ಮಂಚದ ಹತ್ತಿರ ನಿಂತೆ, ಅವನ ಮುಖವನ್ನೇ ನೋಡಿದೆ, ಹೇಳಿದೆ.

“ನನ್ನ ತಮ್ಮ ಕಾಟಣ್ಣ ದಾರೀಲಿ ಸಾಯ್ತಾನೆ.”

ಒಂಬತ್ತು ಮನೆಗೂ ಕೇಳುವ ಹಾಗೆ ಹೇಳಿದೆ. ಕಾಟಣ್ಣ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ. ಮುಚ್ಚಿದ ಕಣ್ಣು ತೆರೆಯದೆಯೇ, ಇನ್ನೊಂದು ಸಲ ಹೇಳಕ್ಕ ಎಂದ.

ಹೇಳಿದೆ.